‘ಬಿಳಿ ವಿಷ’ ಕಳಿಸಿದ ಲೇಖಕರಿಗೆ

ಪ್ರಿಯ ಲೇಖಕರೆ, ನಮಸ್ಕಾರ.

ನಮ್ಮ ವಿಜಯಪುರ ಜಿಲ್ಲೆಯ ತಿಕೋಟಾದಿಂದ ನೀವು ಕಳಿಸಿದ ‘ಬಿಳಿ ವಿಷ’ ಲೇಖನ ಕೈಸೇರಿದೆ. ದ್ರಾಕ್ಷಿ, ಹತ್ತಿ, ಕಬ್ಬಿಗೆ ಹೊಡೆಯುವ ಕೀಟನಾಶಕಗಳು ಮೇವಿನ ಮೂಲಕ ಆಕಳ ಹಾಲಿಗೆ ಇಳಿಯುತ್ತಿವೆ, ಆ ಹಾಲು ಕುಡಿದು ನಮ್ಮ ಜಿಲ್ಲೆಯ ಜನ ಕ್ಯಾನ್ಸರಿಗೆ ತುತ್ತಾಗುತ್ತಿದ್ದಾರೆ, ಆದ್ದರಿಂದ ಎಲ್ಲರೂ ಜವಾರಿ ಆಕಳ ಹಾಲಿಗೆ ಮರಳಬೇಕು ಎಂಬುದು ಅದರ ಒಟ್ಟು ಸಾರ. ಈಗಿನ ರೂಪದಲ್ಲಿ ಅದನ್ನು ನಮ್ಮ ಮಾಸಿಕದಲ್ಲಿ ಪ್ರಕಟಿಸಲಾಗುವುದಿಲ್ಲ. ಆದರೂ ಎರಡು ಸಾಲಿನ ವಿಷಾದಪತ್ರ ಬರೆದು ಮುಗಿಸಲು ಮನಸ್ಸಾಗಲಿಲ್ಲ. ಅದಕ್ಕೆ ಕಾರಣ ಮೂರನೆಯ ಪುಟದ ನಡುವೆ ಬರುವ ಒಂದೇ ಒಂದು ಪ್ಯಾರಾ.

ಆ ಪ್ಯಾರಾದಲ್ಲಿ ನಿಮ್ಮ ನೆರೆಯ ರೈತರು ದ್ರಾಕ್ಷಿ ಪಡಕ್ಕೆ (ತೋಟಕ್ಕೆ) ಎಣ್ಣಿ, ಅಂದರೆ ಔಷಧಿ, ಹೊಡೆದ ಮರುದಿನ ಸಾಲುಗಳ ನಡುವೆ ಬೆಳೆದ ಹುಲ್ಲನ್ನು ಕೊಯ್ದು, ಹೊರೆ ಕಟ್ಟಿ ತಂದು, ಜರ್ಸಿ ಆಕಳ ಗೋದಲಿಗೆ ಹಾಕುತ್ತಾರೆ. ಹುಲ್ಲಿನ ಎಸಳುಗಳ ಮೇಲೆ ಒಣಗಿ ನಿಂತ ತಿಳಿನೀಲಿ ಕಲೆಗಳನ್ನು ತೋರಿಸಿ ನೀವು ಕೇಳಿದಾಗ ಅವರು, ‘ಅದು ಬಳ್ಳಿಗಿ ಹೊಡದದ್ದು, ಹುಲ್ಲಿಗೇನ ಆಗತೈತಿ’ ಎನ್ನುತ್ತಾರೆ. ಸಂಜೆ ಅದೇ ಆಕಳ ಹಾಲು ಡೇರಿಗೆ ಹೋಗುತ್ತದೆ. ಫ್ಯಾಟ್ ಎಷ್ಟು ಬಂತೆಂದು ಚೀಟಿ ನೋಡಿ ಅವರು ಸಮಾಧಾನಪಡುತ್ತಾರೆ. ನಿಮ್ಮ ಲೇಖನದಲ್ಲಿ ಬೇರೆ ಯಾರೂ ಬರೆಯಲಾಗದ ಭಾಗ ಇದೊಂದೇ; ಉಳಿದದ್ದನ್ನು ವಿಜಯಪುರವನ್ನು ಕಣ್ಣಿಂದ ನೋಡದವರೂ ಬರೆದಾರು.

ಈ ಪ್ಯಾರಾದ ಬೆನ್ನಿಗೇ ನೀವು ಬರೆದ ವಾಕ್ಯ ಹೀಗಿದೆ: ‘ಭಾರತದ ಹಾಲಿನಲ್ಲಿ ಶೇ 82ರಷ್ಟು ಡಿಡಿಟಿ ಇದೆ.’ ಇದನ್ನು ಅಕ್ಷರಶಃ ಓದಿದರೆ ಒಂದು ಲೀಟರಿನಲ್ಲಿ ಮುಕ್ಕಾಲಿಗಿಂತ ಹೆಚ್ಚು ಪಾಲು ಡಿಡಿಟಿಯೇ ಇದೆ ಎಂದಾಗುತ್ತದೆ. ಈ ಅಂಕಿಯ ಮೂಲ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1993ರಲ್ಲಿ ಪ್ರಕಟಿಸಿದ ಅಧ್ಯಯನ. 12 ರಾಜ್ಯಗಳಿಂದ ಆಕಳು ಮತ್ತು ಎಮ್ಮೆ ಹಾಲಿನ 2,205 ಮಾದರಿಗಳನ್ನು ಪರೀಕ್ಷಿಸಿದಾಗ ಸುಮಾರು ಶೇ 82 ಮಾದರಿಗಳಲ್ಲಿ ಡಿಡಿಟಿಯ ಅಂಶ ಪತ್ತೆಯಾಯಿತು; ಕಿಲೋಗೆ 0.05 ಮಿಲಿಗ್ರಾಂ ಎಂಬ ಅಂದಿನ ಮಿತಿಯನ್ನು ಮೀರಿದ್ದು ಶೇ 37 ಮಾದರಿಗಳಲ್ಲಿ. ಅತಿ ಹೆಚ್ಚು ಕಂಡದ್ದು ಕಿಲೋಗೆ 2.2 ಮಿಲಿಗ್ರಾಂ. ಪತ್ತೆಯಾದ ಮಾದರಿಗಳ ಪ್ರಮಾಣವನ್ನು ನೀವು ಹಾಲಿನಲ್ಲಿರುವ ವಿಷದ ಪ್ರಮಾಣವೆಂದು ಬರೆದಿದ್ದೀರಿ, ಜೊತೆಗೆ ಇಸವಿಯನ್ನು ಕೈಬಿಟ್ಟಿದ್ದೀರಿ. ಇಸವಿ ಇಲ್ಲಿ ಸಣ್ಣ ಸಂಗತಿಯಲ್ಲ. ಡಿಡಿಟಿಯನ್ನು ಕೃಷಿಯಲ್ಲಿ ಬಳಸುವುದು 1989ರಲ್ಲಿ ನಿಷೇಧವಾಯಿತು. ನಮ್ಮ ಭಾಗದ ಹಿರಿಯರು ಜೋಳದ ಹಗೇವಿಗೂ ಮನೆಯ ಮೂಲೆಗೂ ಉದುರಿಸುತ್ತಿದ್ದ ಬಿಎಚ್‌ಸಿ ಎಂಬ ಕೀಟನಾಶಕ ಪುಡಿ 1997ರಲ್ಲಿ ನಿಂತಿತು. ಎಂಡೋಸಲ್ಫಾನನ್ನು ಸುಪ್ರೀಂ ಕೋರ್ಟು 2011ರಲ್ಲಿ ತಡೆಯಿತು. ಹಾಗಾದರೆ 1993ರ ಅಂಕಿಯನ್ನು ಇಂದಿನ ಹಾಲಿನ ಮೇಲೆ ಹೊರಿಸುವುದು ಯಾವ ಆಧಾರದ ಮೇಲೆ?

ಇದಕ್ಕಿಂತ ದೊಡ್ಡ ತೊಡಕು ಬೇರೊಂದಿದೆ. ನೀವು ಕಂಡ ತಿಳಿನೀಲಿ ಕಲೆ ಹೆಚ್ಚಾಗಿ ಬೋರ್ಡೋ ದ್ರಾವಣದ್ದು, ಅಂದರೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಶಿಲೀಂಧ್ರನಾಶಕದ್ದು. ಅದು ಕೀಟನಾಶಕವಲ್ಲ, ಡಿಡಿಟಿಯಂತೆ ಕೊಬ್ಬಿನಲ್ಲಿ ಕರಗಿ ಹಾಲಿಗೆ ಇಳಿಯುವ ಗುಣವೂ ಅದಕ್ಕಿಲ್ಲ. (ಆ ಹುಲ್ಲನ್ನು ಕುರಿಗೆ ಹಾಕಿದ್ದರೆ ನಾನು ಬೇರೆ ಕಾರಣಕ್ಕೆ ಗಾಬರಿಯಾಗುತ್ತಿದ್ದೆ; ತಾಮ್ರವನ್ನು ಕುರಿ ಸಹಿಸುವುದಿಲ್ಲ.) ಕಣ್ಣಾರೆ ಕಂಡ ವಸ್ತು ಒಂದು, ಅಂಕಿ ಹೇಳುವ ವಸ್ತು ಇನ್ನೊಂದು, ಎರಡನ್ನೂ ‘ವಿಷ’ ಎಂಬ ಒಂದೇ ಚೀಲಕ್ಕೆ ತುಂಬಿದ್ದರಿಂದ ನಿಮ್ಮ ಒಳ್ಳೆಯ ಸಾಕ್ಷ್ಯವೇ ನಿಮ್ಮ ವಾದಕ್ಕೆ ಆಸರೆಯಾಗದೆ ಉಳಿದಿದೆ.

ಆದ್ದರಿಂದ ನೀವು ಮೊದಲು ಮಾಡಬೇಕಾದ ಕೆಲಸ ನೆರೆಯವರ ಬದುವಿಗೆ ಹೋಗಿ ಅವರು ಬಳಸಿದ ಬಾಟಲಿ ಮತ್ತು ಪೊಟ್ಟಣಗಳ ಚೀಟಿಗಳನ್ನು ಓದುವುದು. ಬ್ರ್ಯಾಂಡಿನ ಹೆಸರಲ್ಲ, ಅದರ ಕೆಳಗೆ ಸಣ್ಣಕ್ಷರದಲ್ಲಿರುವ ರಾಸಾಯನಿಕದ ಹೆಸರನ್ನು ಬರೆದುಕೊಳ್ಳಿ. ಚೀಟಿಯ ಮೇಲೆ ಕೆಂಪು, ಹಳದಿ, ನೀಲಿ ಅಥವಾ ಹಸಿರು ತ್ರಿಕೋನವಿರುತ್ತದೆ. ಹಸಿರು ತ್ರಿಕೋನವೆಂದರೆ ಹಾಲಿಗೆ ಅಪಾಯವಿಲ್ಲ ಎಂದು ನೀವು ಒಂದು ಕಡೆ ಬರೆದದ್ದು ಸರಿಯಲ್ಲ. ಆ ಬಣ್ಣ ಹೇಳುವುದು ಔಷಧಿ ನೇರವಾಗಿ ಮೈಸೇರಿದರೆ ಎಷ್ಟು ತೀವ್ರವಾದ ವಿಷ ಎಂಬುದನ್ನೇ ಹೊರತು ಅದರ ಶೇಷ ಎಷ್ಟು ಕಾಲ ಉಳಿಯುತ್ತದೆ ಎಂಬುದನ್ನಲ್ಲ. ಸಿಂಪಡಣೆಗೂ ಕೊಯ್ಲಿಗೂ ನಡುವೆ ಎಷ್ಟು ದಿನ ಬಿಡಬೇಕೆಂದು ಅಲ್ಲಿಯೇ ಬರೆದಿರುತ್ತದೆ. ಆ ದಿನಗಳು ಹಣ್ಣಿಗೆ ಅನ್ವಯಿಸುತ್ತವೆ. ಬಳ್ಳಿಯ ಕೆಳಗಿನ ಹುಲ್ಲು ಎಷ್ಟು ದಿನಕ್ಕೆ ದನಕ್ಕೆ ಯೋಗ್ಯ ಎಂಬುದನ್ನು ದ್ರಾಕ್ಷಿಯ ಔಷಧಿಯ ಚೀಟಿಯಲ್ಲಿ ಹುಡುಕಿದರೆ ಸಿಗುವುದು ದುರ್ಲಭ. ರಫ್ತಿಗೆ ಹೋಗುವ ದ್ರಾಕ್ಷಿಯ ಗೊನೆಗೆ ಶೇಷ ಪರೀಕ್ಷೆಯ ಕಟ್ಟುನಿಟ್ಟಾದ ವ್ಯವಸ್ಥೆ ಇದೆ, ಅದೇ ಸಾಲಿನ ಹುಲ್ಲು ತಿಂದ ಆಕಳ ಹಾಲಿಗೆ ಅಂಥದ್ದು ಇಲ್ಲ. ಇದು ನಿಮ್ಮ ಲೇಖನದ ಬೆನ್ನೆಲುಬಾಗಬಲ್ಲ ಮಾತು, ಆದರೆ ನೀವದನ್ನು ಬರೆದೇ ಇಲ್ಲ.

ಮೇವಿನಿಂದ ಹಾಲಿಗೆ ಬರುವ ದಾರಿಯನ್ನು ನೀವು ಅರ್ಧ ವಾಕ್ಯದಲ್ಲಿ ಮುಗಿಸಿದ್ದೀರಿ. ಅಲ್ಲಿ ಕನಿಷ್ಠ ಎರಡು ಪ್ಯಾರಾ ಬೇಕು. ಡಿಡಿಟಿ, ಬಿಎಚ್‌ಸಿಯಂಥ ಆರ್ಗನೋಕ್ಲೋರಿನ್ ಗುಂಪಿನ ರಾಸಾಯನಿಕಗಳು ನೀರಿನಲ್ಲಿ ಕರಗದೆ ಕೊಬ್ಬಿನಲ್ಲಿ ಕರಗುತ್ತವೆ. ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿದು, ಮೇವು ಮತ್ತು ಹಿಂಡಿಯ ಮೂಲಕ ಆಕಳ ಮೈಯ ಕೊಬ್ಬನ್ನು ಸೇರಿ, ಹಾಲು ಇಳಿದಂತೆ ಹಾಲಿನ ಕೊಬ್ಬಿನೊಡನೆ ಹೊರಬರುತ್ತವೆ. ಕ್ಲೋರ್‌ಪೈರಿಫಾಸ್, ಪ್ರೊಫೆನೋಫಾಸ್‌ಗಳಿರುವ ಆರ್ಗನೋಫಾಸ್ಫೇಟ್ ಗುಂಪಿನ ಹೆಚ್ಚಿನ ಔಷಧಿಗಳು ಹಾಗಲ್ಲ. ಅವು ಆಕಳ ದೇಹದಲ್ಲಿ ಬೇಗ ವಿಭಜನೆಗೊಂಡು ಬಹುಪಾಲು ಮೂತ್ರದಲ್ಲಿ ಹೋಗುತ್ತವೆ, ಹಾಲಿಗೆ ಬರುವ ಪಾಲು ಸಾಮಾನ್ಯವಾಗಿ ಕಡಿಮೆ. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್‌ಗಳು ಮತ್ತೆ ಕೊಬ್ಬಿನ ಕಡೆಗೆ ವಾಲುವಂಥವು. ಈ ವ್ಯತ್ಯಾಸವನ್ನು ಹೇಳಿದರೆ ಮಾತ್ರ ನಿಮ್ಮ ನೆರೆಯವರು ನೋಡುತ್ತಿದ್ದ ಡೇರಿಯ ಫ್ಯಾಟ್ ಚೀಟಿಗೆ ಅರ್ಥ ಬರುತ್ತದೆ. ಡೇರಿಯಲ್ಲಿ ಯಾವ ಕೊಬ್ಬನ್ನು ಅಳೆದು ಹಣ ಕೊಡುತ್ತಾರೋ ಅದೇ ಕೊಬ್ಬಿನಲ್ಲಿ ಈ ಶೇಷ ಕೂತಿರುತ್ತದೆ. ಅಲ್ಲಿನ ಯಂತ್ರ ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ತೋರಿಸುತ್ತದೆಯೇ ಹೊರತು ಇದನ್ನು ತೋರಿಸಲಾರದು. ಕಿಲೋಗೆ ಮಿಲಿಗ್ರಾಮಿನ ನೂರನೆಯ ಒಂದು ಭಾಗವನ್ನು ಹಿಡಿಯಲು ಗ್ಯಾಸ್ ಕ್ರೊಮ್ಯಾಟೊಗ್ರಾಫ್‌ನಂಥ ಉಪಕರಣವಿರುವ ಪ್ರಯೋಗಾಲಯವೇ ಬೇಕು.

ಇಲ್ಲಿಂದಲೇ ನಿಮ್ಮ ಎರಡು ಪರಿಹಾರಗಳು ಬಿದ್ದುಹೋಗುತ್ತವೆ. ‘ಹಾಲನ್ನು ಇಪ್ಪತ್ತು ನಿಮಿಷ ಚೆನ್ನಾಗಿ ಕುದಿಸಿದರೆ ವಿಷ ಸಾಯುತ್ತದೆ’ ಎಂದಿದ್ದೀರಿ. ಕುದಿಸಿದರೆ ಸಾಯುವುದು ರೋಗಾಣು, ಡಿಡಿಟಿಯಂಥ ಶೇಷವಲ್ಲ. ನೀರು ಆವಿಯಾಗಿ ಹಾಲು ಗಟ್ಟಿಯಾದಷ್ಟೂ ಕೊಬ್ಬಿನೊಂದಿಗೆ ಅದೂ ಸಾಂದ್ರವಾಗುತ್ತದೆ. ಖೋವಾ, ಬೆಳಗಾವಿಯ ಕುಂದಾ, ಬೆಣ್ಣೆ, ತುಪ್ಪಗಳಿಗೆಲ್ಲ ಈ ಮಾತು ಸಲ್ಲುತ್ತದೆ. ಕೆನೆ ತೆಗೆದ ಹಾಲಿನಲ್ಲಿ ಶೇಷ ಕಡಿಮೆಯಾಗುತ್ತದೆ ನಿಜ, ಆದರೆ ಆ ಕೆನೆ ಮುಂದೆ ತುಪ್ಪವಾಗಿ ಅದೇ ಮನೆಯ ಹೋಳಿಗೆಯ ಮೇಲೆ ಬೀಳುತ್ತದೆ. ಇನ್ನು ಜವಾರಿ ಆಕಳ ಮಾತು. ಖಿಲಾರಿಯ ಬಗ್ಗೆ ನಿಮಗಿರುವ ಅಭಿಮಾನ ನನಗೂ ಇದೆ. ಆದರೆ ಖಿಲಾರಿ ಆಕಳೂ ಅದೇ ಹತ್ತಿಕಾಳು ಹಿಂಡಿ, ಅದೇ ಕಣಕಿ, ಅದೇ ಪಡದ ಹುಲ್ಲನ್ನು ತಿಂದರೆ ತಳಿ ಅದನ್ನು ಸೋಸಿ ಕೊಡುವುದಿಲ್ಲ.

ಆರೋಗ್ಯದ ಭಾಗದಲ್ಲಿ ನೀವು ಕ್ಯಾನ್ಸರ್, ಬಂಜೆತನ, ಸಕ್ಕರೆ ಕಾಯಿಲೆ, ಬುದ್ಧಿಮಾಂದ್ಯ ಎಂದು ಹನ್ನೊಂದು ರೋಗಗಳನ್ನು ಒಂದೇ ಉಸಿರಿನಲ್ಲಿ ಪಟ್ಟಿ ಮಾಡಿದ್ದೀರಿ, ಒಂದಕ್ಕೂ ಪ್ರಮಾಣವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2015ರಲ್ಲಿ ಬಿಎಚ್‌ಸಿ ಜಾತಿಯ ಕೀಟನಾಶಕವಾದ ಲಿಂಡೇನನ್ನು ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದೂ ಡಿಡಿಟಿಯನ್ನು ಬಹುಶಃ ಕ್ಯಾನ್ಸರ್‌ಕಾರಕವೆಂದೂ ವರ್ಗೀಕರಿಸಿತು. ಈ ವರ್ಗೀಕರಣ ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು ಹೇಳುತ್ತದೆ, ಒಂದು ಲೋಟ ಹಾಲಿನಿಂದ ಎಷ್ಟು ಅಪಾಯ ಎಂಬುದನ್ನಲ್ಲ. ಲಿಂಡೇನ್ ಕುರಿತ ಸಾಕ್ಷ್ಯ ಮುಖ್ಯವಾಗಿ ಕೆಲಸದಲ್ಲಿ ಅದನ್ನು ಬಳಸಿದ ರೈತರ ಅಧ್ಯಯನಗಳಿಂದ ಬಂದದ್ದು. ಅಂದರೆ ಮೂಗಿಗೆ ಟವೆಲ್ ಸುತ್ತಿಕೊಂಡು, ಬರಿಗೈಯಲ್ಲಿ ಔಷಧಿ ಕಲಸಿ, ಗಾಳಿಗೆ ಎದುರಾಗಿ ಪಂಪು ಹಿಡಿದು ನಿಲ್ಲುವ ನಿಮ್ಮ ನೆರೆಯವರು ಹಾಲು ಕುಡಿಯುವ ಪೇಟೆಯವರಿಗಿಂತ ಹೆಚ್ಚಿನ ಅಪಾಯದಲ್ಲಿದ್ದಾರೆ. ನಿಮ್ಮ ಲೇಖನದಲ್ಲಿ ಅವರು ಅಪರಾಧಿಯಾಗಿಯಷ್ಟೇ ಬರುತ್ತಾರೆ, ಅದು ನನಗೆ ಹಿಡಿಸಲಿಲ್ಲ.

ಪ್ರಮಾಣವನ್ನು ಹೇಗೆ ಬರೆಯಬೇಕೆಂಬುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. ಡಿಡಿಟಿಯ ವಿಷಯದಲ್ಲಿ ಅಂತರರಾಷ್ಟ್ರೀಯ ತಜ್ಞರು ಸಹ್ಯವೆಂದು ಒಪ್ಪಿರುವ ದಿನದ ಪ್ರಮಾಣ, ದೇಹದ ತೂಕದ ಪ್ರತಿ ಕಿಲೋಗೆ 0.01 ಮಿಲಿಗ್ರಾಂ. 60 ಕಿಲೋ ತೂಕದವರಿಗೆ ಇದು ದಿನಕ್ಕೆ 0.6 ಮಿಲಿಗ್ರಾಂ ಆಗುತ್ತದೆ, 10 ಕಿಲೋ ತೂಕದ ಮಗುವಿಗೆ 0.1 ಮಿಲಿಗ್ರಾಂ. ಕಿಲೋಗೆ 0.05 ಮಿಲಿಗ್ರಾಂ ಡಿಡಿಟಿ ಇರುವ ಹಾಲನ್ನು ಇಬ್ಬರೂ ಅರ್ಧ ಲೀಟರ್ ಕುಡಿದರೆ ಇಬ್ಬರ ಹೊಟ್ಟೆಗೂ ಹೋಗುವುದು 0.025 ಮಿಲಿಗ್ರಾಂ, ದೊಡ್ಡವರಿಗೆ ಅದು ಮಿತಿಯ ಶೇ 4ರಷ್ಟು, ಮಗುವಿಗೆ ಶೇ 25ರಷ್ಟು. 1993ರ ವರದಿಯ ಅತಿ ಕೆಟ್ಟ ಮಾದರಿಯಂಥ ಹಾಲನ್ನೇ ದಿನವೂ ಕುಡಿದಿದ್ದರೆ ದೊಡ್ಡವರಿಗೆ ಮಿತಿಯ ಸುಮಾರು ಎರಡು ಪಟ್ಟು, ಮಗುವಿಗೆ ಹನ್ನೊಂದು ಪಟ್ಟು ಆಗುತ್ತಿತ್ತು. ಊಟದಲ್ಲಿ ಹಾಲೇ ಮುಖ್ಯವಾಗಿರುವ ಎಳೆಯ ಮಕ್ಕಳ ಮಟ್ಟಿಗೆ ಈ ವಿಷಯ ಏಕೆ ಗಂಭೀರವಾದದ್ದು ಎಂಬುದು ನಿಮ್ಮ ಹನ್ನೊಂದು ರೋಗಗಳ ಪಟ್ಟಿಗಿಂತ ಈ ನಾಲ್ಕು ಅಂಕಿಗಳಿಂದ ಸ್ಪಷ್ಟವಾಗುತ್ತದೆ. ಅಂದಹಾಗೆ, ನಿಮ್ಮ ಹಸ್ತಪ್ರತಿಯಲ್ಲಿ ಮಿಲಿಗ್ರಾಂ ಮತ್ತು ಮೈಕ್ರೊಗ್ರಾಂ ಎರಡು ಕಡೆ ಅದಲುಬದಲಾಗಿವೆ. ಸಾವಿರ ಪಟ್ಟಿನ ವ್ಯತ್ಯಾಸವನ್ನು ಕರಡು ತಿದ್ದುವವರ ಪಾಲಿಗೆ ಬಿಡಬೇಡಿ.

ನಿಮ್ಮ ವಾದಕ್ಕೆ ಒಗ್ಗದ ಒಂದು ಸಮೀಕ್ಷೆಯನ್ನು ನೀವು ಉಲ್ಲೇಖಿಸಿಯೇ ಇಲ್ಲ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2018ರಲ್ಲಿ 1,103 ಊರುಗಳಿಂದ 6,432 ಹಾಲಿನ ಮಾದರಿಗಳನ್ನು ಪರೀಕ್ಷಿಸಿತು. ಮಿತಿ ಮೀರಿದ ಕೀಟನಾಶಕ ಶೇಷ ಸಿಕ್ಕಿದ್ದು ಒಂದೇ ಮಾದರಿಯಲ್ಲಿ, ಅದೂ ಕೇರಳದ್ದು. ಇದನ್ನು ಲೇಖನದಲ್ಲಿ ಹೇಳಲೇಬೇಕು. ಹೇಳಿದ ಮೇಲೆ ಅದರ ಮಿತಿಯನ್ನೂ ಹೇಳಬಹುದು: ಮಾದರಿಗಳು ಬಂದದ್ದು 50,000ಕ್ಕಿಂತ ಹೆಚ್ಚು ಜನಸಂಖ್ಯೆಯ ಪಟ್ಟಣಗಳಿಂದ. ಹತ್ತಾರು ಹಳ್ಳಿಗಳ ಹಾಲು ಒಂದೇ ಟ್ಯಾಂಕಿನಲ್ಲಿ ಬೆರೆತಾಗ ಒಂದು ಕೊಟ್ಟಿಗೆಯ ಶೇಷ ತೆಳುವಾಗುತ್ತದೆ. ತೋಟದ ವಸ್ತಿಯಲ್ಲಿ ಒಂದೇ ಆಕಳ ಹಾಲನ್ನು ದಿನವೂ ಕುಡಿಯುವ ಮನೆಯ ಮಗುವಿಗೆ ಆ ತೆಳುವಾಗುವಿಕೆಯ ಲಾಭವಿಲ್ಲ. ನೀವು ನಿಂತು ನೋಡುತ್ತಿರುವ ಜಾಗ ಆ ಸಮೀಕ್ಷೆ ತಲುಪದ ಜಾಗ. ಅಲ್ಲಿಂದ ಬರೆಯಿರಿ.

ಅದೇ ಸಮೀಕ್ಷೆಯಲ್ಲಿ 368 ಮಾದರಿಗಳಲ್ಲಿ ಅಫ್ಲಾಟಾಕ್ಸಿನ್ ಎಂ1 ಮಿತಿ ಮೀರಿತ್ತು. ಬೂಸ್ಟು ಹಿಡಿದ ಹಿಂಡಿ, ಮೆಕ್ಕೆಜೋಳಗಳಿಂದ ಬರುವ ವಿಷ ಅದು. ಮಳೆಗಾಲದಲ್ಲಿ ನೆಲದ ಮೇಲೆ ಇಟ್ಟ ಹಿಂಡಿಯ ಚೀಲಗಳನ್ನು ನೀವು ನೋಡಿಯೇ ಇರುತ್ತೀರಿ. ಅದು ಬೇರೆಯೇ ಲೇಖನಕ್ಕೆ ವಸ್ತು, ಇದರೊಳಗೆ ತುರುಕಬೇಡಿ. ಕಾಸರಗೋಡಿನ ಪ್ಯಾರಾವನ್ನೂ ತೆಗೆಯಿರಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಆ ಪ್ರಕರಣ ಘೋರವಾದದ್ದು, ಆದರೆ ಅದು ಹಾಲಿನ ಕಥೆಯಲ್ಲ, ನಿಮ್ಮ ಲೇಖನದಲ್ಲಿ ಅದು ಭಯ ಹೆಚ್ಚಿಸುವುದಕ್ಕಷ್ಟೇ ಬಂದಿದೆ.

ಬದಲಿಗೆ ನೀವು ಪೂರ್ತಿ ಬಿಟ್ಟಿರುವ ಒಂದು ದಾರಿಯನ್ನು ವಿಚಾರಿಸಿ: ಉಣ್ಣಿ. ದನದ ಮೈಮೇಲಿನ ಉಣ್ಣಿಗೆಂದು ಹೊಲಕ್ಕೆ ತಂದ ಸೈಪರ್‌ಮೆಥ್ರಿನ್ನನ್ನೇ ಅಂದಾಜಿನಲ್ಲಿ ನೀರಿಗೆ ಬೆರೆಸಿ ಮೈಗೆಲ್ಲ ಹಚ್ಚುವ ರೂಢಿ ನಿಮ್ಮ ಕಡೆ ಇದೆಯೇ, ಹಚ್ಚಿದ ದಿನ ಹಾಲು ಹಿಂಡುತ್ತಾರೆಯೇ, ಕೆಚ್ಚಲು ತೊಳೆಯುತ್ತಾರೆಯೇ ಎಂಬುದನ್ನು ನಾಲ್ಕು ಕೊಟ್ಟಿಗೆಗಳಲ್ಲಿ ಕೇಳಿ. ದನಕ್ಕೆಂದೇ ತಯಾರಾದ ಔಷಧಿಯಾದರೆ ಎಷ್ಟು ದಿನ ಹಾಲು ಬಳಸಬಾರದೆಂಬುದನ್ನು ಪಶುವೈದ್ಯರು ತಿಳಿಸುತ್ತಾರೆ. ಹೊಲದ ಔಷಧಿಗೆ ಅಂಥ ಲೆಕ್ಕವೇ ಇಲ್ಲ. ಹುಲ್ಲಿನ ದಾರಿಗಿಂತ ಇದು ನೇರವಾದ ದಾರಿ ಎಂಬುದು ನನ್ನ ಅಂದಾಜು. ವಿಜಯಪುರದ ಕೃಷಿ ಕಾಲೇಜಿನ ಅಥವಾ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ತಜ್ಞರೊಬ್ಬರಿಗೆ ನಿಮ್ಮ ಬಾಟಲಿಗಳ ಪಟ್ಟಿಯನ್ನು ತೋರಿಸಿ, ಯಾವುದು ಮೇವಿನಲ್ಲಿ ಎಷ್ಟು ಕಾಲ ಉಳಿಯುತ್ತದೆಂದು ಕೇಳಿ ಬರೆದರೆ ಲೇಖನಕ್ಕೆ ಗಟ್ಟಿ ನೆಲ ಸಿಗುತ್ತದೆ.

ಕೊನೆಯ ಪುಟದಲ್ಲಿ ಒಂದು ಹಾಲಿನ ಸಂಸ್ಥೆಯ ಹೆಸರೆತ್ತಿ ಆರೋಪ ಹೊರಿಸಿದ್ದೀರಿ. ಪ್ರಯೋಗಾಲಯದ ವರದಿ ಕೈಯಲ್ಲಿಲ್ಲದೆ ಅದನ್ನು ಅಚ್ಚು ಹಾಕುವುದಿಲ್ಲ. ನೆರೆಯವರ ಹೆಸರು, ಅವರ ತೋಟದ ಗುರುತು, ಫೋಟೊ ಯಾವುದೂ ಬೇಡ. ಲೇಖನ ಬಂದ ಮರುದಿನ ಅವರ ಮನೆಯಿಂದ ದಿನವೂ ಹೋಗುವ ವರ್ತನೆ ಹಾಲು ನಿಂತರೆ ಆ ನಷ್ಟವನ್ನು ನೀವಾಗಲಿ ನಾವಾಗಲಿ ತುಂಬಿಕೊಡಲಾರೆವು. ತಲೆಬರಹವೂ ಬದಲಾಗಲಿ, ಅದನ್ನು ನಾವೇ ಯೋಚಿಸುತ್ತೇವೆ.

ತಿದ್ದಿದ ಲೇಖನ 1,200 ಪದ ಮೀರದಿರಲಿ, ಗೋದಲಿಯ ಪ್ಯಾರಾದಿಂದಲೇ ಶುರುವಾಗಲಿ. ದ್ರಾಕ್ಷಿ ಬಳ್ಳಿ ಕತ್ತರಿಸುವ ಅಕ್ಟೋಬರ್ ಚಾಟ್ನಿಯ ನಂತರ ಸಿಂಪಡಣೆ ಬಿರುಸಾಗುವ ಹೊತ್ತಿಗೆ ಓದುಗರ ಕೈಸೇರಬೇಕೆಂಬುದು ನಮ್ಮ ಇಚ್ಛೆ. ಆದ್ದರಿಂದ ಸೆಪ್ಟೆಂಬರ್ ಮೊದಲ ವಾರದೊಳಗೆ, ಬಾಟಲಿಗಳ ಮೇಲಿನ ಹೆಸರುಗಳ ಪಟ್ಟಿಯ ಜೊತೆಗೆ ಕಳಿಸಿಕೊಡಿ.

ಇತಿ,
ಸಂಪಾದಕ
ವಿಜಯಪುರ