ದಿನಬಳಕೆಯ ಇಂಗ್ಲಿಷ್ ಪದಗಳನ್ನು ಫ್ರೆಂಚಿಗೆ ತಿರುಗಿಸಿ ಬಾಯಿಪಾಠ ಮಾಡಿದರೆ ಸಾಕೇ?

ನಿಮ್ಮ ಪ್ರಶ್ನೆ ಇದು: ಇಂಗ್ಲಿಷ್ ಚೆನ್ನಾಗಿ ಬರುತ್ತದೆ, ಮುಂದಿನ ವರ್ಷ ಕೆನಡಾದ ಮಾಂಟ್ರಿಯಲ್‌ಗೆ ಹೋಗುವುದಿದೆ, ಆದ್ದರಿಂದ ದಿನಬಳಕೆಯ ಸಾವಿರ ಇಂಗ್ಲಿಷ್ ಪದಗಳನ್ನು ಎಡಗಡೆ, ಅವುಗಳ ಫ್ರೆಂಚ್ ಪದಗಳನ್ನು ಬಲಗಡೆ ಬರೆದು ಬಾಯಿಪಾಠ ಮಾಡಿದರೆ ಸಾಕೇ? ಹಲವು ವರ್ಷಗಳಿಂದ ಬೆಂಗಳೂರಿನಲ್ಲಿ ಫ್ರೆಂಚ್ ಕಲಿಸುತ್ತಿರುವ ನಾನು ಹೇಳುವುದೇನೆಂದರೆ, ಪಟ್ಟಿಯನ್ನು ಖಂಡಿತ ಮಾಡಿ, ಆದರೆ ಎಡಗಡೆ ಇಂಗ್ಲಿಷ್ ಬರೆಯಬೇಡಿ. ಕನ್ನಡ ಬರೆಯಿರಿ, ಅದೂ ಬಿಡಿ ಪದವನ್ನಲ್ಲ, ಆ ಪದ ಬರುವ ಒಂದು ಪೂರ್ತಿ ಮಾತನ್ನು.

ಇಂಗ್ಲಿಷ್ ಬಲ್ಲವರಿಗೆ ಫ್ರೆಂಚ್ ಸುಲಭ ಎಂಬ ಮಾತು ಅರ್ಧ ನಿಜ. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿನ ಅರಮನೆಯ ಮಾತು ಬಹುಕಾಲ ಫ್ರೆಂಚೇ ಆಗಿದ್ದುದರಿಂದ ಆಡಳಿತ, ನ್ಯಾಯ, ಸೈನ್ಯ, ಕಲೆಗಳಿಗೆ ಸೇರಿದ ಸಾವಿರಾರು ಪದಗಳು ಇಂಗ್ಲಿಷಿಗೆ ಬಂದವು. ಹೀಗಾಗಿ ಫ್ರೆಂಚ್ ಪತ್ರಿಕೆಯ ಸಂಪಾದಕೀಯವನ್ನು ಬಿಡಿಸಿದರೆ ಎಷ್ಟೋ ಪದಗಳು ಗುರುತು ಸಿಗುತ್ತವೆ. ಆದರೆ ಜನಸಾಮಾನ್ಯರ ಮನೆಯೊಳಗಿನ ಮಾತು ಅಷ್ಟಾಗಿ ಬದಲಾಗಲಿಲ್ಲ. ಬ್ರೆಡ್, ವಾಟರ್, ಹೌಸ್, ಹ್ಯಾಂಡ್ ಇವೆಲ್ಲ ಹಳೆಯ ಇಂಗ್ಲಿಷಿನವೇ. ಫ್ರೆಂಚಿನಲ್ಲಿ ಅವು ಪ್ಯಾಂ, ಓ, ಮೆಜ಼ೋಂ, ಮ್ಯಾಂ. ಅಂದರೆ ಇಂಗ್ಲಿಷಿನ ನೆರವು ಸಂಪಾದಕೀಯಕ್ಕೆ ದೊರೆತಷ್ಟು ಅಡುಗೆಮನೆಗೆ ದೊರೆಯುವುದಿಲ್ಲ, ನೀವು ಕೇಳುತ್ತಿರುವುದಾದರೋ ಅಡುಗೆಮನೆಯ ಪದಗಳನ್ನೇ. ದಿನಬಳಕೆಯಲ್ಲಿ ನೋಡಲು ಒಂದೇ ತೆರನಾದ ಪದ ಕಂಡರೆ ಇನ್ನೂ ಎಚ್ಚರ ಬೇಕು. ಲಿಬ್ರೆರಿ ಎಂದರೆ ಗ್ರಂಥಾಲಯವಲ್ಲ, ಪುಸ್ತಕದ ಅಂಗಡಿ. ಗ್ರಂಥಾಲಯಕ್ಕೆ ಬಿಬ್ಲಿಯೊತೆಕ್ ಎನ್ನಬೇಕು.

ಈ ಪಾಠವನ್ನು ನಾನು ಕಲಿತದ್ದು ಫ್ರಾನ್ಸಿನ ಲಿಯಾನ್ ನಗರದಲ್ಲಿ, ಸೋನ್ ನದಿಯ ದಡದಲ್ಲಿ ನಡೆಯುವ ಬೆಳಗಿನ ಸಂತೆಯಲ್ಲಿ. ಗಣೇಶನ ಹಬ್ಬಕ್ಕೆ ನಾವು ಏಳೆಂಟು ಮಂದಿ ವಿದ್ಯಾರ್ಥಿಗಳು ಸೇರಿ ಶ್ಯಾವಿಗೆ ಪಾಯಸ ಮಾಡುವುದೆಂದು ತೀರ್ಮಾನವಾಗಿತ್ತು, ಒಣದ್ರಾಕ್ಷಿ ತರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಇಂಗ್ಲಿಷಿನಲ್ಲಿ ರೈಸಿನ್ ಅಲ್ಲವೇ, ಫ್ರೆಂಚಿನಲ್ಲೂ ಕಾಗುಣಿತ ಅದೇ, ಉಚ್ಚಾರ ಮಾತ್ರ ರೆಜ಼್ಯಾಂ ಎಂದುಕೊಂಡು, ಹೊಸದಾಗಿ ಕಲಿತಿದ್ದ ತೂಕದ ಪದವನ್ನೂ ಸೇರಿಸಿ 'ಯೂನ್ ಲಿವ್ರ್ ದ ರೆಜ಼್ಯಾಂ' ಎಂದು ಕೇಳಿದೆ. ಪಾಯಸಕ್ಕೆ ಅರ್ಧ ಕಿಲೋ ಬೇಕಾಗಿರಲಿಲ್ಲ, ಆದರೆ ಲಿವ್ರ್ ಎಂಬ ಪದವನ್ನು ಬಳಸಿಬಿಡುವ ಹುಮ್ಮಸ್ಸು ಇತ್ತು. ಮಾರುವ ಹೆಂಗಸು ಎರಡು ಗೊಂಚಲು ಕಪ್ಪು ದ್ರಾಕ್ಷಿಯನ್ನು ತಕ್ಕಡಿಗೆ ಹಾಕಿ, ಮುಳ್ಳು ಐನೂರು ಗ್ರಾಮಿಗೆ ಬರಲೆಂದು ನಾಲ್ಕು ಹಣ್ಣು ಕಿತ್ತು ತೆಗೆದು, ಕಾಗದದ ಚೀಲದಲ್ಲಿ ಕೊಟ್ಟರು. ರೆಜ಼್ಯಾಂ ಎಂದರೆ ಹಸಿ ದ್ರಾಕ್ಷಿ. ಒಣಗಿದ್ದು ರೆಜ಼್ಯಾಂ ಸೆಕ್, ಸೆಕ್ ಎಂದರೆ ಒಣ. ದ್ರಾಕ್ಷಿ, ಒಣದ್ರಾಕ್ಷಿ ಎಂಬ ನಮ್ಮ ಜೋಡಿಯೇ ಅಲ್ಲಿಯೂ ಇದೆ. ಇಂಗ್ಲಿಷನ್ನು ನಡುವೆ ತಾರದೆ ಕನ್ನಡದಲ್ಲೇ ಯೋಚಿಸಿದ್ದರೆ ಪಾಯಸಕ್ಕೆ ದ್ರಾಕ್ಷಿ ಬೀಳುತ್ತಿತ್ತು.

ಇಂಥ ಹೊಂದಾಣಿಕೆಗಳು ಇನ್ನೂ ಇವೆ, ಅವು ದಿನವೂ ಬೇಕಾಗುವ ಪದಗಳಲ್ಲೇ ಇವೆ. ಇಂಗ್ಲಿಷಿನ ಟೈಮ್ ಎಂಬ ಒಂದು ಪದಕ್ಕೆ ಫ್ರೆಂಚಿನಲ್ಲಿ ಕನಿಷ್ಠ ಮೂರು ಪದಗಳಿವೆ: ಗಡಿಯಾರ ನೋಡಿ ಹೇಳುವಾಗ ಅರ್, ಪುರಸೊತ್ತು ಇದೆಯೋ ಇಲ್ಲವೋ ಎನ್ನುವಾಗ ತಾಂ, ಎಷ್ಟು ಸಾರಿ ಎನ್ನುವಾಗ ಫ್ವಾ. ನಾವು ಗಂಟೆ, ಸಮಯ, ಸಲ ಎನ್ನುವುದಿಲ್ಲವೇ? ತಿಳಿದಿರುವುದು ಎಂಬರ್ಥದ ಇಂಗ್ಲಿಷಿನ ನೋ ಎಂಬ ಕ್ರಿಯಾಪದ ಎರಡಾಗುತ್ತದೆ: 'ನನಗೆ ಈಜಲು ಬರುತ್ತದೆ' ಎನ್ನುವಲ್ಲಿ ಸಾವ್ವಾರ್, 'ನನಗೆ ಅವರ ಪರಿಚಯವಿದೆ' ಎನ್ನುವಲ್ಲಿ ಕೊನೆತ್ರ್. ಚೆಂಡಾಟಕ್ಕೂ ಗಿಟಾರಿಗೂ ಫ್ರೆಂಚರು ಜುಎ ಎಂಬ ಒಂದೇ ಕ್ರಿಯಾಪದವನ್ನು ಬಳಸಿದರೂ, ನಾವು ಆಡುವುದು ಎನ್ನುವಲ್ಲಿ ಅದರ ಮುಂದೆ 'ಆ' ಬರುತ್ತದೆ, ನುಡಿಸುವುದು ಎನ್ನುವಲ್ಲಿ 'ದ' ಬರುತ್ತದೆ. ತು ಮತ್ತು ವೂ ಬಗ್ಗೆ ಇಂಗ್ಲಿಷ್ ಪಠ್ಯಪುಸ್ತಕಗಳು ಪುಟಗಟ್ಟಲೆ ವಿವರಿಸುತ್ತವೆ. ಕನ್ನಡಿಗನಿಗೆ ನೀನು, ನೀವು ಎಂದರೆ ಮುಗಿಯಿತು, ಬಹುವಚನವೇ ಗೌರವದ ರೂಪವೂ ಆಗಿರುವುದು ಕೂಡ ಹಾಗೆಯೇ. ಆ ಸಂತೆಯ ಪಕ್ಕದ ಸೋನ್, ಅದೇ ಊರಿನಲ್ಲಿ ರೋನ್ ನದಿಯನ್ನು ಸೇರುತ್ತದೆ. ಸಮುದ್ರ ಸೇರುವ ರೋನ್ ಫ್ಲವ್, ಇನ್ನೊಂದು ನದಿಯನ್ನು ಸೇರುವ ಸೋನ್ ರಿವಿಯೆರ್. ಕಾವೇರಿ ಫ್ಲವ್, ಹೇಮಾವತಿ ರಿವಿಯೆರ್ ಎಂದು ಬರೆದುಕೊಂಡರೆ ಮರೆಯುವುದಿಲ್ಲ.

ಕನ್ನಡ ಎಲ್ಲ ಕಡೆಯೂ ಕೈ ಹಿಡಿಯುತ್ತದೆ ಎಂದು ನಾನು ಹೇಳುತ್ತಿಲ್ಲ. ಅಕ್ಕಿಗೂ ಅನ್ನಕ್ಕೂ ಫ್ರೆಂಚಿನಲ್ಲಿ ರಿ ಎಂಬ ಒಂದೇ ಪದ. ಅಣ್ಣನಿಗೂ ತಮ್ಮನಿಗೂ ಫ್ರೆರ್ ಎಂಬ ಒಂದೇ ಪದವಿದ್ದು, ಬೇರೆ ಮಾಡಿ ಹೇಳಬೇಕಾದರೆ ಅದರ ಹಿಂದೆ ದೊಡ್ಡ, ಚಿಕ್ಕ ಎಂದು ಸೇರಿಸಬೇಕು. ನಿಜವಾದ ತೊಡಕು ಲಿಂಗದ್ದು. ಮೇಜು, ಪುಸ್ತಕ ಎರಡೂ ನಮಗೆ ನಪುಂಸಕಲಿಂಗ; ಅಲ್ಲಿ ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ, ಇದಕ್ಕೆ ಕಾರಣ ಹುಡುಕುತ್ತ ಕೂರುವುದು ವ್ಯರ್ಥ. ನಾನು ಸಂತೆಯಲ್ಲಿ ಹೇಳಿದ ಲಿವ್ರ್ ಪದಕ್ಕೆ ಯೂನ್ ಸೇರಿದರೆ ಅರ್ಧ ಕಿಲೋ, ಅನ್ ಸೇರಿದರೆ ಪುಸ್ತಕ. ಆದ್ದರಿಂದ ನಾಮಪದವನ್ನು ಎಂದೂ ಒಂಟಿಯಾಗಿ ಬರೆಯದೆ, ಅನ್ ಅಥವಾ ಯೂನ್ ಸಮೇತವೇ ಬರೆದು ಬಾಯಿಪಾಠ ಮಾಡಿ.

ನಮ್ಮ ಊರಿನ ಇಂಗ್ಲಿಷ್ ಕೂಡ ಒಮ್ಮೊಮ್ಮೆ ದಾರಿ ತಪ್ಪಿಸುತ್ತದೆ. ನಾವು ಇಡ್ಲಿ ತಿನ್ನಲು ಹೋಗುವ ಹೋಟೆಲು ಫ್ರೆಂಚಿನಲ್ಲಿ ರೆಸ್ತೊರಾಂ. ಅಲ್ಲಿ ಓತೆಲ್ ಎಂದರೆ ತಂಗುವ ಜಾಗ. ಆದರೆ ಕರೆಂಟ್ ಹೋಯಿತು ಎಂಬ ನಮ್ಮ ಮಾತು ಹೆಚ್ಚುಕಡಿಮೆ ಹಾಗೆಯೇ ನಡೆಯುತ್ತದೆ, ವಿದ್ಯುತ್ತಿಗೆ ಅವರೂ ಕೂರಾಂ ಎನ್ನುತ್ತಾರೆ.

ಇನ್ನು ನೀವು ಹೋಗುತ್ತಿರುವುದು ಪ್ಯಾರಿಸ್ಸಿಗಲ್ಲ, ಮಾಂಟ್ರಿಯಲ್‌ಗೆ. ಅಂಗಡಿಯಲ್ಲಿ ಕೊಳ್ಳುವ ಪದಪುಸ್ತಕಗಳು ಸಾಮಾನ್ಯವಾಗಿ ಫ್ರಾನ್ಸಿನ ಬಳಕೆಯನ್ನೇ ಕೊಡುತ್ತವೆ. ಫ್ರಾನ್ಸಿನಲ್ಲಿ ರಸ್ತೆಯ ಕೆಂಪು ಫಲಕದ ಮೇಲೆ ಸ್ಟಾಪ್ ಎಂದೇ ಇರುತ್ತದೆ, ಮಾಂಟ್ರಿಯಲ್ ಇರುವ ಕ್ವಿಬೆಕ್ ಪ್ರಾಂತ್ಯದಲ್ಲಿ ಸಾಮಾನ್ಯವಾಗಿ ಆರೆ ಎಂದು. ವಾರಾಂತ್ಯಕ್ಕೆ ಪ್ಯಾರಿಸ್ಸಿನವರು ವೀಕೆಂಡ್ ಎಂದರೆ ಮಾಂಟ್ರಿಯಲ್‌ನವರು ಫ್ಯಾಂ ದ ಸ್ಮೆನ್ ಎನ್ನುತ್ತಾರೆ. ಎಲ್ಲಕ್ಕಿಂತ ಗೊಂದಲ ಮಾಡುವುದು ಊಟದ ಹೆಸರುಗಳು: ಫ್ರಾನ್ಸಿನಲ್ಲಿ ದೆಜ಼ುನೆ ಮಧ್ಯಾಹ್ನದ ಊಟ, ದಿನೆ ರಾತ್ರಿಯದು, ಕ್ವಿಬೆಕ್ಕಿನಲ್ಲಿ ದೆಜ಼ುನೆ ಬೆಳಗಿನ ತಿಂಡಿ, ದಿನೆ ಮಧ್ಯಾಹ್ನದ್ದು, ರಾತ್ರಿಯದು ಸುಪೆ. ಯಾರಾದರೂ ದೆಜ಼ುನೆಗೆ ಕರೆದರೆ ಎಷ್ಟು ಗಂಟೆಗೆ ಬರಲಿ ಎಂದು ಕೇಳಿಕೊಂಡೇ ಹೊರಡಿ.