ಬೆಲಾರಸ್ ಸ್ವಾತಂತ್ರ್ಯದ ಆರಂಭದಲ್ಲಿ ಯಹೂದಿ ರಾಜಕಾರಣಿಗಳ ಪಾತ್ರವೇನಾದರೂ ಇತ್ತೇ?

ಇತ್ತು; ಮೊದಲು ನೆನೆಯಬೇಕಾದವರು ಮೊಯ್ಸೆಯ್ ಗುತ್ಮನ್. 1918ರ ಫೆಬ್ರವರಿಯಲ್ಲಿ, ಬೊಲ್ಷೆವಿಕರು (ರಷ್ಯಾದ ಕಮ್ಯುನಿಸ್ಟರು) ಬೆಲಾರಸ್‌ನ ಮಿನ್ಸ್ಕ್ ನಗರವನ್ನು ತೊರೆದು ಜರ್ಮನ್ ಸೇನೆ ಒಳಬರುತ್ತಿದ್ದ ಗೊಂದಲದ ದಿನಗಳಲ್ಲಿ, ಬೆಲಾರಸ್ ರಾಜಕಾರಣಿ ಯಾಜೆಪ್ ವಾರೊಂಕಾ ಅವರ ನೇತೃತ್ವದಲ್ಲಿ ರಚನೆಯಾದ ಆ ನಾಡಿನ ಮೊದಲ ಸರ್ಕಾರದಲ್ಲಿ ಗುತ್ಮನ್ ಖಾತೆರಹಿತ ಸಚಿವರಾಗಿದ್ದರು. ಆ ನಾಯಕತ್ವವು ಮಾರ್ಚ್ 9ರಂದು ಹೊರಡಿಸಿದ ಎರಡನೆಯ ಘೋಷಣಾಪತ್ರವು ನಾಡಿನ ಎಲ್ಲ ಜನಾಂಗಗಳ ಭಾಷೆಗಳಿಗೆ ಸಮಾನ ಸ್ಥಾನವನ್ನೂ, ಪ್ರತಿಯೊಂದು ಜನಾಂಗಕ್ಕೆ ಸ್ವಾಯತ್ತತೆಯ ಹಕ್ಕನ್ನೂ ಸಾರಿತು. ಹಲವು ಪಟ್ಟಣಗಳಲ್ಲಿ ಯಹೂದಿಗಳ ಆಡುನುಡಿಯಾದ ಯಿಡ್ಡಿಷ್ ಮಾತಾಡುವವರೇ ಬಹುಸಂಖ್ಯೆಯಲ್ಲಿದ್ದ ಆ ನಾಡಿನಲ್ಲಿ ಇದು ಔದಾರ್ಯವಲ್ಲ, ಸಲ್ಲಲೇಬೇಕಾದ ನ್ಯಾಯವಾಗಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮಾರ್ಚ್ 25ರಂದು ಪೂರ್ಣ ಸ್ವಾತಂತ್ರ್ಯದ ಘೋಷಣೆಯಾಯಿತಾದರೂ, ಜರ್ಮನಿ ಅದಕ್ಕೆ ಮಾನ್ಯತೆ ನೀಡದ ಕಾರಣ ಆ ಸರ್ಕಾರದ ನಿಜವಾದ ಅಧಿಕಾರ ಬಹಳ ಸೀಮಿತವಾಗಿಯೇ ಉಳಿಯಿತು.