ರಾಕೆಟ್ ಏರುವ ಗೆರೆ, ಬೂಸ್ಟರ್ ಇಳಿಯುವ ಗೆರೆ: ಎರಡೂ ಒಂದೇ ಚಿತ್ರದಲ್ಲಿ ಬರಬೇಕಂದ್ರೆ?

ಅಮೆರಿಕದ ಫ್ಲೋರಿಡಾದ ಕೇಪ್ ಕೆನವೆರಲ್‌ನಲ್ಲಿ ರಾತ್ರಿ ಸ್ಪೇಸ್‌ಎಕ್ಸ್‌ನ ಫಾಲ್ಕನ್ 9 ರಾಕೆಟ್ ಹಾರುವಾಗ ಅದರ ಬೆಂಕಿಯ ಗೆರೆ ಫೋಟೋದಲ್ಲಿ ಬರಲು, ಬೂಸ್ಟರ್ (ವಾಪಸ್ ಬಂದು ಇಳಿಯುವ ಕೆಳಗಿನ ಭಾಗ) ಇಳಿಯುವ ತನಕ ಕ್ಯಾಮೆರಾ ಶಟರ್ ತೆರೆದೇ ಇಡಬೇಕಾ ಅಂತ ಕೇಳಿದ್ದೀರಿ. ಬೇಡ. ನಾನು ಎರಡು ಫ್ರೇಮ್ ತೆಗೆದು ಆಮೇಲೆ ಸೇರಿಸುತ್ತೇನೆ.

ಮೊದಲು ಒಂದು ವಿಷಯ ನೋಡಿಕೊಳ್ಳಿ: ಬೂಸ್ಟರ್ ನೆಲಕ್ಕೇ ವಾಪಸ್ ಬರುತ್ತದಾ? ಅಟ್ಲಾಂಟಿಕ್‌ನಲ್ಲಿ ನಿಂತ ಡ್ರೋನ್ ಹಡಗಿನ ಮೇಲೆ ಇಳಿಯುವುದಾದರೆ ದಡದಿಂದ ಆ ಇಳಿಯುವ ಗೆರೆ ಸಿಗುವುದಿಲ್ಲ.

ಹಾರಿದ ಮೇಲೆ ಸುಮಾರು ಎರಡೂವರೆ ನಿಮಿಷ ಬೂಸ್ಟರ್‌ನ ಎಂಜಿನ್‌ಗಳು ಉರಿಯುತ್ತವೆ. ಆರು ನಿಮಿಷ ದಾಟಿದ ಮೇಲೆ ಎತ್ತರದಲ್ಲಿ ಎಂಟ್ರಿ ಬರ್ನ್, ಅಂದ್ರೆ ವಾಪಸ್ ಬರುವಾಗ ವೇಗ ತಗ್ಗಿಸಲು ಎಂಜಿನ್ ಮತ್ತೆ ಉರಿಸುವುದು. ಎಂಟನೇ ನಿಮಿಷದ ಆಸುಪಾಸಿನಲ್ಲಿ ಲ್ಯಾಂಡಿಂಗ್ ಬರ್ನ್, ನೆಲಕ್ಕೆ ಮೆಲ್ಲಗೆ ಇಳಿಯಲು. ನಾಲ್ಕನೇ ನಿಮಿಷದಿಂದ ಆರನೇ ನಿಮಿಷದ ತನಕವೂ ಶಟರ್ ತೆರೆದಿಟ್ಟರೆ ಸುಮ್ನೆ ಸುತ್ತಲಿನ ದೀಪಗಳ ಬೆಳಕು, ನಾಯ್ಸ್ (ಚಿತ್ರದಲ್ಲಿ ಮೂಡುವ ಚುಕ್ಕೆಗಳು) ಜಾಸ್ತಿಯಾಗುತ್ತವೆ, ಅಷ್ಟೇ.

ಇನ್ನೊಂದು, ಇದನ್ನು ಖಂಡಿತ ಮರೆಯಬೇಡಿ. ಮೆನುವಿನಲ್ಲಿ ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಆಫ್ ಮಾಡಿ. ಅದು ಆನ್ ಇದ್ದರೆ, ನಾಲ್ಕು ನಿಮಿಷದ ಫೋಟೋ ಆದ ಮೇಲೆ ಕ್ಯಾಮೆರಾ ಇನ್ನೂ ನಾಲ್ಕು ನಿಮಿಷ ಶಟರ್ ಮುಚ್ಚಿಕೊಂಡು ಕತ್ತಲ ಫ್ರೇಮ್ ತೆಗೆಯುತ್ತದೆ. ಅಷ್ಟೊತ್ತಿಗೆ ಬೂಸ್ಟರ್ ನೆಲ ಮುಟ್ಟಿರುತ್ತದೆ!

ಗೆರೆ ಬೆಳ್ಳಗೆ ಸುಟ್ಟುಹೋಗುತ್ತದೆ ಅಂದಿರಿ. ಅದಕ್ಕೆ ಶಟರ್ ಹೊತ್ತು ಕಡಿಮೆ ಮಾಡಿ ಪ್ರಯೋಜನವಿಲ್ಲ. ಬೆಂಕಿ ಓಡುತ್ತಲೇ ಇರುತ್ತದೆ, ಚಿತ್ರದ ಒಂದೊಂದು ಬಿಂದುವಿನಲ್ಲೂ ಅದು ನಿಲ್ಲುವುದು ಕ್ಷಣಮಾತ್ರ. ಹಾಗಾಗಿ ಗೆರೆಯ ಬಿಳುಪನ್ನು ತೀರ್ಮಾನಿಸುವುದು ಅಪರ್ಚರ್ (ಲೆನ್ಸ್‌ನ ಕಿಂಡಿ; ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು) ಮತ್ತು ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ). ಏರುವಾಗ ನಾನು ಐಎಸ್‌ಒ 100, ಎಫ್/16 ಇಡುತ್ತೇನೆ. ಇಳಿಯುವಾಗ ಕೊನೆಗೆ ಒಂದೇ ಎಂಜಿನ್ ಉರಿಯುವುದರಿಂದ ಎಫ್/8ಕ್ಕೆ ತೆರೆಯುತ್ತೇನೆ. ಡಯಲ್ ತಿರುಗಿಸುವಾಗ ಒಂದೇ ಬೆರಳು ಸಾಕು. ಟ್ರೈಪಾಡ್ ಕೂದಲೆಳೆಯಷ್ಟು ಜರುಗಿದರೂ ಎರಡು ಫ್ರೇಮ್ ಕೂಡುವುದಿಲ್ಲ.

ವೈಡ್ ಲೆನ್ಸ್ ಹಾಕಿ, ಉಡಾವಣೆಯ ಜಾಗ, ಇಳಿಯುವ ಜಾಗ ಎರಡೂ ಒಳಗೆ ಬರುವ ಹಾಗೆ ನೋಡಿಕೊಳ್ಳಿ. ಮೇಲೆ ಆಕಾಶ ಧಾರಾಳವಾಗಿ ಬಿಡಿ. ದೂರದ ದೀಪಕ್ಕೆ ಮ್ಯಾನುಯಲ್ ಫೋಕಸ್ ಮಾಡಿ ರಿಂಗ್‌ಗೆ ಟೇಪ್ ಅಂಟಿಸಿ. ಬಲ್ಬ್ ಮೋಡ್ (ಬೇಕಾದಷ್ಟು ಹೊತ್ತು ಶಟರ್ ತೆರೆದಿಡಲು), ಕೇಬಲ್ ರಿಲೀಸ್ (ಕ್ಯಾಮೆರಾ ಮುಟ್ಟದೆ ಶಟರ್ ಒತ್ತಲು) ಬೇಕೇ ಬೇಕು. ಎರಡನೇ ಫ್ರೇಮ್‌ಗೆ ಆರನೇ ನಿಮಿಷಕ್ಕೇ ಶಟರ್ ತೆರೆದುಬಿಡಿ. ಎಂಟ್ರಿ ಬರ್ನ್‌ನ ಪುಟ್ಟ ಗೆರೆ, ಕೆಳಗೆ ಖಾಲಿ ಜಾಗ, ಮತ್ತೆ ಇಳಿಯುವ ಗೆರೆ: ಆ ಖಾಲಿ ಜಾಗ ನನಗೆ ತುಂಬಾ ಇಷ್ಟ. ಎಂಜಿನ್ ಆರಿಸಿಕೊಂಡು ಬೂಸ್ಟರ್ ಬೀಳುತ್ತಿದ್ದದ್ದು ಅಲ್ಲೇ ಅಲ್ವಾ?

ಕೊನೆಗೆ ಎಡಿಟಿಂಗ್‌ನಲ್ಲಿ ಎರಡು ಫ್ರೇಮ್‌ಗಳನ್ನೂ ಒಂದರ ಮೇಲೊಂದು ಲೇಯರ್ ಆಗಿ ಇಟ್ಟು, ಎರಡರಲ್ಲಿ ಹೆಚ್ಚು ಬೆಳಕಿರುವುದನ್ನು ಉಳಿಸುವ ಲೈಟನ್ ಮೋಡ್ ಆಯ್ಕೆ ಮಾಡಿ. ಎರಡು ಫ್ರೇಮ್ ಸೇರಿಸಿದ್ದು ಅಂತ ಚಿತ್ರದ ಜೊತೆ ಬರೆದುಬಿಡಿ.